ಬೇಕೆಂದೇ ಗುರಿ ತಪ್ಪಿಸಿ ನಡೆದೆ: ನಕ್ಷೆ, ದಿಕ್ಸೂಚಿ ಮತ್ತು ನನ್ನ ಅನುಭವ

ಸ್ಕೌಟಿಂಗ್‌ನ ಎರಡನೇ ಹಂತದ ಪರೀಕ್ಷೆಯಾದ ದ್ವಿತೀಯ ಸೋಪಾನಕ್ಕೆ ಹದಿನಾರು ದಿಕ್ಕು ಬಾಯಿಪಾಠ ಮಾಡದ ಸ್ಕೌಟ್ ಇಲ್ಲ. ನಾನೂ ಮಾಡಿದ್ದೆ. ಬಯಲಿಗೆ ಇಳಿದ ಮೇಲೆ ಅದು ಮೂರು ಕಾಸಿನ ಕೆಲಸಕ್ಕೂ ಬರಲಿಲ್ಲ. ಕೆಲಸಕ್ಕೆ ಬಂದದ್ದು ಕೆರೆ ಏರಿ. ಇದನ್ನು ಹೇಳಿದಾಗ ನಮ್ಮ ದಳದ ಸೀನಿಯರ್‌ಗಳು ಚೆನ್ನಾಗಿ ನಕ್ಕಿದ್ದರು. "ಮುಳ್ಳು ತೋರಿಸಿದ ಕಡೆ ನೆಟ್ಟಗೆ ನಡಿ, ಜಾಸ್ತಿ ಬುದ್ಧಿ ಓಡಿಸಬೇಡ" ಅಂದರು. ಮೊಬೈಲ್ ಇರುವಾಗ ಇದೆಲ್ಲ ಯಾಕೆ ಅಂದವರೂ ಇದ್ದರು.

ಮೊದಲು ದುಡ್ಡಿನ ಲೆಕ್ಕ. ಸ್ಟೇಷನರಿ ಅಂಗಡಿಯ ಗುಂಡು ದಿಕ್ಸೂಚಿಗೆ ಅರವತ್ತೋ ಎಪ್ಪತ್ತೋ ರೂಪಾಯಿ. ಒಳಗೆ ದ್ರವ ಇಲ್ಲ, ಮುಳ್ಳು ನಿಲ್ಲುವುದೇ ಇಲ್ಲ. ಆಮೇಲೆ ಸಂಬಂಧಿಯೊಬ್ಬರು ಅಮೆರಿಕದಿಂದ ಒಳ್ಳೆಯ ಬೇಸ್‌ಪ್ಲೇಟ್ ದಿಕ್ಸೂಚಿ (ನಕ್ಷೆಯ ಮೇಲೆ ಇಡಲು ಬರುವ ಚಪ್ಪಟೆ ಪಾರದರ್ಶಕ ತಳದ್ದು) ತಂದುಕೊಟ್ಟರು. ನೋಡೋಕೆ ಚೆಂದ, ಆದರೆ ಮುಳ್ಳಿನ ದಕ್ಷಿಣದ ತುದಿ ಕೆಳಗೆ ಬಾಗಿ ಡಬ್ಬಿಯ ತಳಕ್ಕೆ ಉಜ್ಜುತ್ತಿತ್ತು. ಉತ್ತರದ ದೇಶಗಳಲ್ಲಿ ಭೂಮಿಯ ಕಾಂತಶಕ್ತಿ ಮುಳ್ಳಿನ ಉತ್ತರದ ತುದಿಯನ್ನು ಕೆಳಗೆ ಎಳೆಯುತ್ತದೆ. ಅದಕ್ಕೆ ಸಮ ಮಾಡಲು ಅಲ್ಲಿನವರು ದಕ್ಷಿಣದ ಕಡೆ ಸ್ವಲ್ಪ ಭಾರ ಇಡುತ್ತಾರೆ. ನಮ್ಮ ಕಡೆ ಆ ಎಳೆತ ಕಡಿಮೆ, ಹಾಗಾಗಿ ಭಾರವೇ ಗೆಲ್ಲುತ್ತದೆ. ಕೊನೆಗೆ ನಾನೂರು ರೂಪಾಯಿಯ ಆಸುಪಾಸಿನ ಒಂದು ಸಾಧಾರಣ ಬೇಸ್‌ಪ್ಲೇಟ್ ತೆಗೆದುಕೊಂಡೆ. ಇವತ್ತಿಗೂ ಅದೇ. ನಡುವೆ ಒಮ್ಮೆ ಗೆಳೆಯನ ಮ್ಯಾಗ್ನೆಟ್ ಇರುವ ಮೊಬೈಲ್ ಕವರ್ ಜೊತೆ ಒಂದೇ ಬ್ಯಾಗಲ್ಲಿ ಇದ್ದು, ಕೆಂಪು ತುದಿ ದಕ್ಷಿಣ ತೋರಿಸೋಕೆ ಶುರು ಮಾಡಿತ್ತು! ಹಳೇ ಸ್ಪೀಕರ್ ಮ್ಯಾಗ್ನೆಟ್‌ನಿಂದ ಸರಿ ಮಾಡಿದೆ. ಹೇಗೆ ಅನ್ನುವುದು ಇನ್ನೊಂದು ದಿನ.

ನಾವು ಬಳಸುವುದು ಸರ್ವೆ ಆಫ್ ಇಂಡಿಯಾದ ನಕ್ಷೆ, ಹಾಳೆಯ ಸಂಖ್ಯೆ 57 ಜಿ/11. ದೊಡ್ಡಬಳ್ಳಾಪುರ, ನಂದಿ ಬೆಟ್ಟ, ಸ್ಕಂದಗಿರಿ ಮೂರೂ ಆ ಒಂದೇ ಹಾಳೆಯಲ್ಲಿವೆ. ಅದರ ಪಿಡಿಎಫ್ ಈಗ ಪುಕ್ಕಟೆ ಸಿಗುತ್ತದೆ. ಎಡವಟ್ಟು ಆಗುವುದು ಪ್ರಿಂಟ್ ಅಂಗಡಿಯಲ್ಲಿ. ಹಾಳೆಗೆ ಹೊಂದಿಸಿ ಕೊಡುತ್ತೇನೆ ಅಂತ ಕುಗ್ಗಿಸಿಬಿಡುತ್ತಾರೆ. ಕಿಲೋಮೀಟರ್‌ಗೆ ಎರಡು ಸೆಂಟಿಮೀಟರ್ ಇರಬೇಕಾದ್ದು 1.8 ಆಗಿರುತ್ತದೆ. ದುಡ್ಡು ಕೊಡುವ ಮೊದಲೇ ನಕ್ಷೆಯ ಚೌಕಗೆರೆಗಳ (ಗ್ರಿಡ್) ಮೇಲೆ ಸ್ಕೇಲ್ ಇಟ್ಟು ನೋಡಿ.

ಇನ್ನು ನಡಿಗೆ. ನಕ್ಷೆಯಲ್ಲಿದ್ದ ನೀಲಗಿರಿ ತೋಪು ಜಾಗದಲ್ಲಿ ಲೇಔಟ್ ಎದ್ದಿರುತ್ತದೆ. ಅರ್ಧ ಗುಡ್ಡವನ್ನು ಕಲ್ಲು ಕ್ವಾರಿ ನುಂಗಿರುತ್ತದೆ. ಕೆರೆಯಲ್ಲಿ ನೀರು ಇರಲಿ ಬಿಡಲಿ, ಏರಿ ಮಾತ್ರ ಬಹಳ ಕಡೆ ಹಾಗೇ ಇರುತ್ತದೆ. ತೂಬಿನ ಹತ್ತಿರ ಚೆಕ್‌ಪಾಯಿಂಟ್ (ನಾವು ಹುಡುಕಿ ಮುಟ್ಟಬೇಕಾದ ಜಾಗ) ಇದೆ ಅಂದುಕೊಳ್ಳಿ. ನೆಟ್ಟಗೆ ತೂಬಿಗೇ ಗುರಿ ಇಟ್ಟು ಹೋದರೆ ಏರಿ ಸಿಗುತ್ತದೆ, ತೂಬು ಸಿಗುವುದಿಲ್ಲ. ಎಡಕ್ಕೋ ಬಲಕ್ಕೋ ಗೊತ್ತಾಗದೆ ಅಲ್ಲೇ ಸುತ್ತುತ್ತೀರಿ. ನಾನು ಬೇಕೆಂದೇ ಐದಾರು ಡಿಗ್ರಿ ಎಡಕ್ಕೆ ಹಿಡಿಯುತ್ತಿದ್ದೆ. ಕಿಲೋಮೀಟರ್ ನಡೆದರೆ ಹೆಚ್ಚುಕಮ್ಮಿ 100 ಮೀಟರ್ ಎಡಕ್ಕೆ ಬರುತ್ತೀರಿ. ಏರಿ ಸಿಕ್ಕಿತಾ, ಕಣ್ಣುಮುಚ್ಚಿ ಬಲಕ್ಕೆ ತಿರುಗಿ. ನಕ್ಷೆಯ ಉತ್ತರಕ್ಕೂ ಮುಳ್ಳಿನ ಉತ್ತರಕ್ಕೂ ಇರುವ ವ್ಯತ್ಯಾಸ ನಮ್ಮ ಕಡೆ ಒಂದೆರಡು ಡಿಗ್ರಿ, ಅಷ್ಟೇ. ಈ ವಿಧಾನದಲ್ಲಿ ಅದಕ್ಕೆ ತಲೆ ಕೆಡಿಸಿಕೊಳ್ಳಬೇಕಾಗಿಲ್ಲ.

ದೂರ ಅಳೆಯಲು ಜೋಡಿ ಹೆಜ್ಜೆ ಲೆಕ್ಕ, ಅಂದರೆ ಎರಡು ಹೆಜ್ಜೆ ಸೇರಿ ಒಂದು. ಸಮತಟ್ಟಿನಲ್ಲಿ ನನಗೆ 100 ಮೀಟರ್‌ಗೆ 64ರ ಆಸುಪಾಸು, ಮಳೆ ಬಿದ್ದ ರಾಗಿ ಹೊಲದಲ್ಲಿ 75 ದಾಟುತ್ತದೆ. ನೂರು ಮೀಟರ್‌ಗೊಂದು ಹುಣಸೆ ಬೀಜ ಬಲ ಜೇಬಿನಿಂದ ಎಡಕ್ಕೆ. ಇಳಿಜಾರಿಗೆ ಹೇಗೆ ತಿದ್ದಬೇಕು ಅನ್ನುವುದು ನಮ್ಮ ಪ್ಯಾಟ್ರೋಲ್‌ನ (ದಳದೊಳಗಿನ ಸಣ್ಣ ಗುಂಪಿನ) ಗುಟ್ಟು. ಮುಂದಿನ ರ‍್ಯಾಲಿ ಮುಗಿಯುವವರೆಗೆ ಬಾಯಿ ಬಿಡುವುದಿಲ್ಲ.

ಬಿಸಿಲು ಜಾಸ್ತಿ ಇದ್ದ ಒಂದು ಮೇ ತಿಂಗಳಲ್ಲಿ ಸುಮ್ನೆ ಕೈಗಡಿಯಾರದ ಉಪಾಯ ಪರೀಕ್ಷಿಸಿದೆ. ಗಂಟೆ ಮುಳ್ಳು ಸೂರ್ಯನ ಕಡೆ ಹಿಡಿದು ದಕ್ಷಿಣ ಕಂಡುಹಿಡಿಯುವುದು ಗೊತ್ತಲ್ವಾ, ಅದು ಇಲ್ಲಿ ನಡೆಯಲಿಲ್ಲ. ಅದಕ್ಕೆ ನಡುಮಧ್ಯಾಹ್ನದ ಸೂರ್ಯ ದಕ್ಷಿಣದಲ್ಲಿರಬೇಕು, ಆದರೆ ಏಪ್ರಿಲ್ ಕೊನೆಯಿಂದ ಆಗಸ್ಟ್ ಮಧ್ಯದವರೆಗೆ ನಮ್ಮಲ್ಲಿ ಅವನು ಉತ್ತರಕ್ಕೇ ಇರುತ್ತಾನೆ. ನೆಲಕ್ಕೆ ಕೋಲು ನೆಟ್ಟು ನೆರಳಿನ ತುದಿ ಗುರುತು ಮಾಡುವುದೇ ವಾಸಿ. ಮೊದಲ ಗುರುತು ಪಶ್ಚಿಮ, ಅರ್ಧ ಗಂಟೆ ಬಿಟ್ಟು ಹಾಕಿದ್ದು ಪೂರ್ವ. ಧ್ರುವ ನಕ್ಷತ್ರ ಬರೀ ಹದಿಮೂರು ಡಿಗ್ರಿ ಎತ್ತರದಲ್ಲಿ ಇರುತ್ತದೆ. ಮುಂದೊಂದು ಗುಡ್ಡ ಇದ್ದರೆ ಮುಗಿಯಿತು.

ಕೊನೆಗೆ ಸೀನಿಯರ್‌ಗಳ ಜೊತೆಗೇ ಪಂದ್ಯ ಆಯಿತು. ನಾಲ್ಕೈದು ಕಿಲೋಮೀಟರ್, ಎಲ್ಲ ಚೆಕ್‌ಪಾಯಿಂಟೂ ಏರಿ, ಕಾಲುವೆ, ಗುಡ್ಡದ ಬುಡದಲ್ಲಿ. ಅವರು ನೆಟ್ಟಗೆ ನಡೆದರು, ನಾವು ಸೊಟ್ಟಗೆ. ನಾವು ಬಂದು ಮಂಡಕ್ಕಿ ತಿಂದು ಮುಗಿಸಿ ಮುಕ್ಕಾಲು ಗಂಟೆ ಆದ ಮೇಲೆ ಅವರು ಬಂದರು. ನಕ್ಕಿದ್ದ ಒಬ್ಬನೇ ಮಾರನೆಯ ವಾರ ಹುಣಸೆ ಬೀಜ ಕೇಳಿಕೊಂಡು ಬಂದ.

1919ರಲ್ಲಿ ಸ್ಟಾಕ್‌ಹೋಮ್ ಬಳಿ ದೊಡ್ಡ ಓರಿಯಂಟೀರಿಂಗ್ (ನಕ್ಷೆ, ದಿಕ್ಸೂಚಿ ಹಿಡಿದು ಗುರುತು ಹುಡುಕುತ್ತಾ ಓಡುವ ಆಟ) ಪಂದ್ಯ ನಡೆಸಿದ ಅರ್ನ್ಸ್ಟ್ ಕಿಲಾಂಡರ್ ಕೂಡ ಸ್ಕೌಟ್ ನಾಯಕರೇ. ಹಾಗಾಗಿ ಇದು ನಮ್ಮದೇ ಆಟ ಅನ್ನುವ ಹಮ್ಮು ನನಗಿದೆ. ಈಗ ಊರಾಚೆಯ ಗೋಮಾಳಕ್ಕೆ 1:10,000 ನಕ್ಷೆ ನಾವೇ ಬರೆಯುತ್ತಿದ್ದೇವೆ. ಚೆಕ್‌ಪಾಯಿಂಟ್‌ನಲ್ಲಿ ಕಟ್ಟುವ ಬಿಳಿ-ಕಿತ್ತಳೆ ಬಟ್ಟೆಯ ಗುರುತುಗಳಿಗೆ ಟೈಲರ್ ಸೇರಿ ಆರುನೂರು ಚಿಲ್ಲರೆ ಖರ್ಚಾಯಿತು. ಕಟ್ಟಿದ ದಿನವೇ ಎರಡು ಮಾಯ, ಒಂದನ್ನು ಮೇಕೆ ಅರ್ಧ ತಿಂದಿತ್ತು. ಈಗ ಹಳೇ ಡಬ್ಬಿಗಳಿಗೆ ಬಣ್ಣ ಬಳಿದು ನೇತು ಹಾಕುತ್ತೇವೆ. ತಗಡಿನದು ಬೇಡ, ಪ್ಲಾಸ್ಟಿಕ್ಕಿನದೇ ಹಾಕಿ. ತಗಡು ಹತ್ತಿರ ಇದ್ದರೆ ಮುಳ್ಳು ಎಳೆಯುತ್ತದೆ.