ಹಳೇ ಕೂಲಂಟ್ ತೆಗೆಯಿರಿ, ಒಳಗೆ ಗಾಳಿ ಉಳಿಸಬೇಡಿ

ಎಂಜಿನ್ ಆಯಿಲ್ ಬದಲಿಸುವುದು ಎಲ್ಲರಿಗೂ ನೆನಪಿರುತ್ತದೆ. ಎಂಜಿನ್ನನ್ನು ತಣ್ಣಗಿಡುವ ದ್ರವವಾದ ಕೂಲಂಟ್ ವಿಷಯದಲ್ಲಿ ಮಾತ್ರ, ಟ್ಯಾಂಕಿನಲ್ಲಿ ಬಣ್ಣದ ನೀರು ಕಂಡರೆ ಸಾಕು, ಸರಿಯಾಗಿದೆ ಅಂದುಕೊಳ್ಳುತ್ತೇವೆ. ಕೂಲಂಟ್‌ನಲ್ಲಿರುವ ಗ್ಲೈಕಾಲ್ ನೀರು ಹೆಪ್ಪುಗಟ್ಟದಂತೆ, ಬೇಗ ಕುದಿಯದಂತೆ ತಡೆಯುತ್ತದೆ. ಅದು ಅಷ್ಟು ಬೇಗ ಕೆಡುವುದಿಲ್ಲ. ಖರ್ಚಾಗಿ ಹೋಗುವುದು ಜೊತೆಗಿರುವ ತುಕ್ಕುನಿರೋಧಕ. ಅದು ಮುಗಿದರೆ ರೇಡಿಯೇಟರ್, ವಾಟರ್ ಪಂಪ್ ಎಲ್ಲ ಒಳಗಿನಿಂದಲೇ ಸವೆಯುತ್ತವೆ. ಹೊರಗೆ ಏನೂ ಗೊತ್ತಾಗುವುದಿಲ್ಲ.

ಹಳೇ ಬಗೆಯ ಕೂಲಂಟ್ ಸುಮಾರು 2 ವರ್ಷ ಬಾಳಿಕೆ ಬರುತ್ತದೆ, ಆರ್ಗ್ಯಾನಿಕ್ ಆಸಿಡ್ ಬಗೆಯದು 5 ವರ್ಷದವರೆಗೂ ಬರುತ್ತದೆ. ಆದರೆ ಬಣ್ಣ ನೋಡಿ ಬಗೆಯನ್ನು ತೀರ್ಮಾನಿಸಬೇಡಿ. ಹಸಿರು, ಕೆಂಪು, ನೀಲಿ ಎಲ್ಲ ತಯಾರಕರು ಹಾಕುವ ಬಣ್ಣ ಅಷ್ಟೇ. ಹೊಂದದ ಎರಡು ಬಗೆ ಬೆರೆತರೆ ಲೋಳೆಯಂತಾಗಿ ಸಣ್ಣ ಕೊಳವೆಗಳಲ್ಲಿ ಕಟ್ಟಿಕೊಳ್ಳಬಹುದು. ಯಾವ ಬಗೆ, ಎಷ್ಟು ಲೀಟರ್ ಎನ್ನುವುದು ಕಾರಿನ ಮ್ಯಾನ್ಯುಯಲ್‌ನಲ್ಲೇ ಇರುತ್ತದೆ. ಹೈಬ್ರಿಡ್, ಎಲೆಕ್ಟ್ರಿಕ್ ಕಾರುಗಳ ಕೆಲಸ ಬೇರೆಯೇ, ಅದನ್ನು ಸರ್ವಿಸ್ ಸೆಂಟರ್‌ಗೇ ಬಿಡಿ.

ಮೊದಲ ಮಾತು: ಎಂಜಿನ್ ಪೂರ್ತಿ ತಣ್ಣಗಾಗಿರಬೇಕು. ಬಿಸಿ ಇದ್ದಾಗ ಒಳಗೆ ಒತ್ತಡ ಇರುತ್ತದೆ. ರೇಡಿಯೇಟರಿನ ಅಥವಾ ಕೂಲಂಟ್ ಟ್ಯಾಂಕಿನ ಕ್ಯಾಪ್ ತಿರುಗಿಸಿದ ತಕ್ಷಣ ಕುದಿಯುವ ಕೂಲಂಟ್ ಮುಖಕ್ಕೇ ಚಿಮ್ಮುತ್ತದೆ. ಸ್ವಲ್ಪ ಬೆಚ್ಚಗಿದೆ ಅಷ್ಟೇ ಅಂತ ಸುಮ್ನೆ ಧೈರ್ಯ ಮಾಡಬೇಡಿ, ಕಾಯಿರಿ.

ಕಾರನ್ನು ಸಮತಟ್ಟಾದ ಜಾಗದಲ್ಲಿ ನಿಲ್ಲಿಸಿ, ಹ್ಯಾಂಡ್‌ಬ್ರೇಕ್ ಎಳೆಯಿರಿ. ರೇಡಿಯೇಟರ್ ಕೆಳಗೆ ಅಗಲವಾದ ಟ್ರೇ ಇಡಿ. ಕ್ಯಾಪ್ ತೆಗೆದು, ರೇಡಿಯೇಟರ್ ತಳದ ಮೂಲೆಯಲ್ಲಿರುವ ಡ್ರೈನ್ ಪ್ಲಗ್ ಸಡಿಲಿಸಿ. ಅದು ಹೆಚ್ಚಾಗಿ ಪ್ಲಾಸ್ಟಿಕ್‌ದು. ಬಿಗಿಯಾಗಿದ್ದರೆ ಜೋರು ಮಾಡಬೇಡಿ, ಮುರಿದುಬಿಡುತ್ತದೆ. ಪ್ಲಗ್ ಇಲ್ಲದ ಕಾರುಗಳಲ್ಲಿ ಕೆಳಗಿನ ಹೋಸ್ ಪೈಪಿನ ಕ್ಲಿಪ್ ಬಿಚ್ಚಬೇಕು. ಆಗ ಒಮ್ಮೆಲೇ ಸುರಿಯುತ್ತದೆ, ಕೈಗೆ ಗ್ಲೌಸ್ ಇರಲಿ.

ಹೊರಬಂದದ್ದನ್ನು ಗಮನವಿಟ್ಟು ನೋಡಿ. ಬಣ್ಣ ಸ್ವಚ್ಛವಾಗಿದ್ದರೆ ನೇರವಾಗಿ ಹೊಸದು ತುಂಬಬಹುದು. ಕಂದು ಬಣ್ಣ, ತುಕ್ಕಿನ ಪುಡಿ ಕಂಡರೆ ತೊಳೆಯಬೇಕು. ಪ್ಲಗ್ ಮುಚ್ಚಿ, ಡಿಸ್ಟಿಲ್ಡ್ ವಾಟರ್ ತುಂಬಿ, ಹೀಟರ್ ಫುಲ್ ಬಿಸಿಗೆ ಇಟ್ಟು, ಮೇಲಿನ ಹೋಸ್ ಬಿಸಿಯಾಗುವವರೆಗೆ ಎಂಜಿನ್ ಓಡಿಸಿ. ಹೋಸ್ ಬಿಸಿಯಾಯಿತೆಂದರೆ ಥರ್ಮೋಸ್ಟಾಟ್, ಅಂದರೆ ಬಿಸಿಯಾದಾಗ ತೆರೆಯುವ ಕವಾಟ, ತೆರೆಯಿತು, ನೀರು ಎಲ್ಲ ಕಡೆ ಸುತ್ತುತ್ತಿದೆ ಅಂತ ಅರ್ಥ. ಮತ್ತೆ ತಣ್ಣಗಾಗಲು ಬಿಟ್ಟು ಖಾಲಿ ಮಾಡಿ. ತಿಳಿಯಾದ ನೀರು ಬರುವ ತನಕ ಹೀಗೇ ಮಾಡಿ. ನಲ್ಲಿ ನೀರು, ಬೋರ್ ನೀರು ಬೇಡ, ಅದರ ಲವಣ ಒಳಗೆ ಗಟ್ಟಿಯಾಗಿ ಕೂರುತ್ತದೆ.

ನೀರಿನಿಂದ ತೊಳೆದಿದ್ದರೆ ಇಲ್ಲೊಂದು ಲೆಕ್ಕ ತಪ್ಪುವ ಜಾಗವಿದೆ. ಎಷ್ಟೇ ಖಾಲಿ ಮಾಡಿದರೂ ಎಂಜಿನ್ ಬ್ಲಾಕ್, ಹೀಟರ್ ಒಳಗೆ ಒಂದಷ್ಟು ನೀರು ಉಳಿದೇ ಇರುತ್ತದೆ. ಒಟ್ಟು 6 ಲೀಟರ್ ಹಿಡಿಯುವ ಕಾರಿನಿಂದ 4 ಲೀಟರ್ ಮಾತ್ರ ಹೊರಬಂದಿದೆ ಅನ್ನಿ. 2 ಲೀಟರ್ ನೀರು ಒಳಗಿದೆ. ಈಗ ಅರ್ಧಕ್ಕರ್ಧ ಬೆರೆಸಿದ ರೆಡಿ ಕೂಲಂಟ್ ಸುರಿದರೆ ತೆಳುವಾಗುತ್ತದೆ. ಅದರ ಬದಲು ಗಟ್ಟಿ ಕೂಲಂಟ್, ಅಂದರೆ ಕಾನ್ಸಂಟ್ರೇಟ್, 3 ಲೀಟರ್ ಹಾಕಿ, ಉಳಿದ 1 ಲೀಟರ್‌ಗೆ ಡಿಸ್ಟಿಲ್ಡ್ ವಾಟರ್ ತುಂಬಿ. ಆಗ ಸರಿಯಾಗಿ ಅರ್ಧಕ್ಕರ್ಧ. ಈ ಪ್ರಮಾಣದಲ್ಲಿ ಎಥಿಲೀನ್ ಗ್ಲೈಕಾಲ್ ಕೂಲಂಟ್ ಸುಮಾರು ಮೈನಸ್ 37 ಡಿಗ್ರಿವರೆಗೆ ಹೆಪ್ಪುಗಟ್ಟುವುದಿಲ್ಲ. ಹಾಗಂತ ನೀರೇ ಇಲ್ಲದೆ ಗ್ಲೈಕಾಲ್ ಮಾತ್ರ ತುಂಬಿದರೆ ಇನ್ನೂ ಒಳ್ಳೆಯದು ಅಲ್ವಾ? ಅಲ್ಲ. ಅದು ಮೈನಸ್ 13ರ ಸುಮಾರಿಗೇ ಗಟ್ಟಿಯಾಗುತ್ತದೆ, ಶಾಖ ಸಾಗಿಸುವುದರಲ್ಲೂ ನೀರಿಗಿಂತ ಹಿಂದೆ.

ಇನ್ನು ಗಾಳಿ ತೆಗೆಯುವ ಕೆಲಸ. ನನ್ನ ಪ್ರಕಾರ ಇದೇ ಎಲ್ಲಕ್ಕಿಂತ ಮುಖ್ಯ, ಜನ ಅವಸರ ಮಾಡುವುದೂ ಇಲ್ಲೇ. ಒಳಗೆ ಗಾಳಿ ಸಿಕ್ಕಿಹಾಕಿಕೊಂಡರೆ ಆ ಜಾಗಕ್ಕೆ ಕೂಲಂಟ್ ತಲುಪುವುದಿಲ್ಲ, ಹೊಸ ಕೂಲಂಟ್ ಇದ್ದೂ ಎಂಜಿನ್ ಓವರ್‌ಹೀಟ್ ಆಗುತ್ತದೆ. ಹಾಗಾಗಿ ನಿಧಾನವಾಗಿ ಸುರಿಯಿರಿ. ಬ್ಲೀಡ್ ಸ್ಕ್ರೂ, ಅಂದರೆ ಗಾಳಿ ಹೊರಬಿಡುವ ಸಣ್ಣ ಸ್ಕ್ರೂ, ಇದ್ದರೆ ಸಡಿಲಿಸಿಡಿ, ಗುಳ್ಳೆ ನಿಂತು ಕೂಲಂಟ್ ಒಂದೇ ಸಮನೆ ಬಂದಾಗ ಬಿಗಿ ಮಾಡಿ. ಇಲ್ಲದಿದ್ದರೆ ತಣ್ಣಗಿನ ಎಂಜಿನ್ನನ್ನು ಕ್ಯಾಪ್ ಹಾಕದೆ ಸ್ಟಾರ್ಟ್ ಮಾಡಿ, ಹೀಟರ್ ಬಿಸಿಗೆ ಇಟ್ಟು, ಮಟ್ಟ ಇಳಿದಂತೆ ತುಂಬುತ್ತಾ ಹೋಗಿ. ಮುಖ ದೂರ ಇರಲಿ. ಮಟ್ಟ ಉಕ್ಕಿ ಬರುವ ಮೊದಲೇ ಕ್ಯಾಪ್ ಮುಚ್ಚಿ. ಫ್ಯಾನ್ ಯಾವಾಗ ಬೇಕಾದರೂ ತಿರುಗಬಹುದು, ಬೆರಳು ಹತ್ತಿರ ಒಯ್ಯಬೇಡಿ. ಟೆಂಪರೇಚರ್ ಮುಳ್ಳು ಮಾಮೂಲಿ ಜಾಗದಲ್ಲಿ ನಿಂತು, ಹೀಟರಿನಿಂದ ಒಂದೇ ಸಮ ಬಿಸಿಗಾಳಿ ಬಂದರೆ ಕೆಲಸ ಸರಿಯಾಗಿದೆ.

ಒಂದು ರೌಂಡ್ ಓಡಿಸಿ, ಮರುದಿನ ಬೆಳಿಗ್ಗೆ ಎಂಜಿನ್ ತಣ್ಣಗಿದ್ದಾಗ ಟ್ಯಾಂಕಿನ ಮಟ್ಟ ನೋಡಿ. ಸ್ವಲ್ಪ ಇಳಿದಿರುವುದು ಸಹಜ, ತುಂಬಿಸಿ. ಮುಂದೆಯೂ ಇಳಿಯುತ್ತಲೇ ಇದ್ದರೆ ಎಲ್ಲೋ ಸೋರುತ್ತಿದೆ.

ಹಳೇ ಕೂಲಂಟ್ ವಿಷ. ಸಿಹಿಯಾಗಿರುವುದರಿಂದ ನಾಯಿ, ಬೆಕ್ಕು, ಮಕ್ಕಳು ಬಾಯಿಗೆ ಹಾಕಿಕೊಳ್ಳುವ ಅಪಾಯ ಜಾಸ್ತಿ. ನೆಲಕ್ಕೆ ಚೆಲ್ಲಿದ್ದನ್ನು ಆಗಲೇ ತೊಳೆಯದೆ, ಮೊದಲು ಬಟ್ಟೆಯಲ್ಲಿ ಹೀರಿಸಿ ತೆಗೆಯಿರಿ. ಚರಂಡಿಗೆ, ಗಿಡದ ಬುಡಕ್ಕೆ ಸುರಿಯಬೇಡಿ. ಮುಚ್ಚಳ ಗಟ್ಟಿ ಇರುವ ಕ್ಯಾನಿಗೆ ತುಂಬಿ, ಮೇಲೆ ಒಳಗಿರುವುದರ ಹೆಸರು ಬರೆದು, ಹಳೇ ಕೂಲಂಟ್ ತೆಗೆದುಕೊಳ್ಳುವ ಗ್ಯಾರೇಜಿಗೆ ಒಪ್ಪಿಸಿ.