ಹುಳುಕಡ್ಡಿ: ಮೈಗೊಂದು ಮದ್ದು, ತಲೆಗೆ ಇನ್ನೊಂದು

ಹೆಸರಿನಲ್ಲಿ ಹುಳುವಿದ್ದರೂ ಹುಳುಕಡ್ಡಿಗೆ ಕಾರಣ ಹುಳುವಲ್ಲ, ಶಿಲೀಂಧ್ರ. ಅಂಚು ಕೆಂಪಗೆ ಉಬ್ಬಿ, ನಡುಭಾಗ ತಿಳಿಯಾಗಿ, ಬಳೆಯಂತೆ ಹರಡುವ ತುರಿಕೆಯ ಮಚ್ಚೆ ಅದರ ಗುರುತು. ತುರಿಕೆಯೇ ಇಲ್ಲದ, ಮುಟ್ಟಿದರೂ ಸ್ಪರ್ಶ ತಿಳಿಯದ ಮಚ್ಚೆಯಾದರೆ ಕುಷ್ಠರೋಗದ ಪರೀಕ್ಷೆ ಮಾಡಿಸಬೇಕು.

ಅಂಗಡಿಯಲ್ಲಿ ‘ತುರಿಕೆಗೆ ಮುಲಾಮು’ ಎಂದಷ್ಟೇ ಕೇಳಿದರೆ ಎಷ್ಟೋ ಸಲ ಕೈಗೆ ಬರುವುದು ಸ್ಟೀರಾಯ್ಡ್ ಬೆರೆಸಿದ ಟ್ಯೂಬು. ಅದನ್ನು ಹಚ್ಚಿದರೆ ಕೆಲವೇ ದಿನಗಳಲ್ಲಿ ತುರಿಕೆ ಅಡಗುವುದರಿಂದ ಮದ್ದು ನಾಟಿತೆಂದು ಅನಿಸುತ್ತದೆ. ಆದರೆ ಚರ್ಮದ ಪ್ರತಿರೋಧ ಕುಗ್ಗಿ ಶಿಲೀಂಧ್ರ ಹಬ್ಬುತ್ತದೆ, ಬಳೆಯ ಆಕಾರ ಅಳಿಸಿ ವೈದ್ಯರಿಗೂ ಗುರುತು ಸಿಗದಂತಾಗುತ್ತದೆ, ತೊಡೆಸಂದಿನ ಚರ್ಮ ತೆಳುವಾಗಿ ಅಳಿಯದ ಗೆರೆಗಳು ಮೂಡುತ್ತವೆ. ಆದ್ದರಿಂದ ಟ್ಯೂಬಿನ ಮೇಲೆ ಕ್ಲೋಬೆಟಸಾಲ್, ಬೀಟಾಮೆಥಾಸೋನ್ ಎಂಬ ಹೆಸರುಗಳಿವೆಯೇ ಎಂದು ಓದಿ, ಇಲ್ಲವೇ ಮನೆಯ ಮಕ್ಕಳಿಂದ ಓದಿಸಿ, ಇದ್ದರೆ ಅದನ್ನು ಕೊಳ್ಳಬಾರದು.

ಕ್ಲೋಟ್ರಿಮಜೋಲ್ ಒಂದೇ ಇರುವ ಮುಲಾಮನ್ನು, ತೊಳೆದು ಚೆನ್ನಾಗಿ ಒರೆಸಿದ ಚರ್ಮಕ್ಕೆ, ಮಚ್ಚೆಯ ಅಂಚಿನಿಂದ 2 ಸೆಂಟಿಮೀಟರ್ ಆಚೆಯವರೆಗೆ, ದಿನಕ್ಕೆ 2 ಬಾರಿ ಹಚ್ಚಬೇಕು. ಮಚ್ಚೆ ಮಾಸಿದ ಮೇಲೂ 2 ವಾರ ಮುಂದುವರಿಸಬೇಕು. ಒದ್ದೆ ಉಡಿದಾರ ಮತ್ತು ಬಿಗಿಯಾದ ಒಳಉಡುಪು ಬೇಡ. ಹುಳುಕಡ್ಡಿಗೆ ಕೊಡುವ ಟರ್ಬಿನಫಿನ್ ಎಂಬ ಔಷಧಕ್ಕೆ ಬಗ್ಗದ ಶಿಲೀಂಧ್ರ ನಮ್ಮ ದೇಶದಲ್ಲಿ ಈಗ ಸಾಮಾನ್ಯವಾಗಿರುವುದರಿಂದ, ತಿಂಗಳಾದರೂ ಗುಣ ಕಾಣದಿದ್ದರೆ ಅಂಗಡಿಯಲ್ಲಿ ಟ್ಯೂಬು ಬದಲಿಸದೆ ಚರ್ಮರೋಗ ತಜ್ಞರಲ್ಲಿಗೆ ಹೋಗಬೇಕು.

ತಲೆಯ ಹುಳುಕಡ್ಡಿ ಹೆಚ್ಚಾಗಿ ಮಕ್ಕಳಿಗೆ ಬರುತ್ತದೆ. ಹೊಟ್ಟು ಎದ್ದ ಜಾಗದಲ್ಲಿ ಕೂದಲು ಬುಡಕ್ಕೇ ಮುರಿದು ಕಪ್ಪು ಚುಕ್ಕೆಗಳು ಉಳಿಯುತ್ತವೆ. ಶಿಲೀಂಧ್ರ ಕೂದಲಿನ ಬೇರಿನಲ್ಲಿ ಕುಳಿತಿರುವುದರಿಂದ ಮುಲಾಮಾಗಲಿ ಬೇವಿನೆಣ್ಣೆಯಾಗಲಿ ಅಲ್ಲಿಗೆ ತಲುಪುವುದಿಲ್ಲ; ವೈದ್ಯರು ಮಗುವಿನ ತೂಕ ನೋಡಿ ಬರೆಯುವ ಗ್ರಿಸಿಯೋಫಲ್ವಿನ್ ಮಾತ್ರೆಯನ್ನು 6ರಿಂದ 8 ವಾರ, ಜಿಡ್ಡಿನಂಶವಿರುವ ಊಟ ಅಥವಾ ಹಾಲಿನೊಂದಿಗೆ, ಬಿಡದೆ ಕೊಡಬೇಕು. ಕೀವು ತುಂಬಿದ ಮೆತ್ತನೆಯ ಗಡ್ಡೆಯೆದ್ದರೆ ಕುರುವೆಂದು ತಿಳಿದು ಕೊಯ್ಯಿಸಬಾರದು; ಆದರೆ ಚಿಕಿತ್ಸೆಗೆ ತಡಮಾಡಿದರೆ ಅಲ್ಲಿ ಕೂದಲು ಮತ್ತೆ ಹುಟ್ಟದೇ ಹೋಗಬಹುದು. ಇದಕ್ಕೆಂದು ಹೆಣ್ಣುಮಗುವಿನ ತಲೆ ಬೋಳಿಸುವುದು ಅನಗತ್ಯ. ಆ ಮಗು ಅನುಭವಿಸುವ ನಾಚಿಕೆಯನ್ನು ಮಾತ್ರೆ ಗುಣಪಡಿಸಲಾರದು. ಚಿಕಿತ್ಸೆ ಆರಂಭವಾದ ಮೇಲೆ ಶಾಲೆ ಬಿಡಿಸಬೇಕಾಗಿಲ್ಲ.

ಬಾಚಣಿಗೆ, ಟವೆಲ್ಲು, ಹೊದಿಕೆ ಒಬ್ಬೊಬ್ಬರಿಗೆ ಬೇರೆಯಿರಬೇಕು; ತುರಿಕೆಯಿರುವ ಮನೆಮಂದಿಯೆಲ್ಲ ಒಟ್ಟಿಗೇ ಚಿಕಿತ್ಸೆ ಪಡೆಯಬೇಕು, ಇಲ್ಲದಿದ್ದರೆ ಗುಣವಾದವರಿಗೂ ಅದು ಮರಳಿ ಹತ್ತುತ್ತದೆ. ಕೊಟ್ಟಿಗೆಯನ್ನೂ ನೋಡಬೇಕು: ಕರುವಿನ ಕಣ್ಣಿನ ಸುತ್ತ ಕೂದಲುದುರಿ ಬೂದುಬಣ್ಣದ ಹಕ್ಕಳೆ ಕಟ್ಟಿದ್ದರೆ ಪಶುವೈದ್ಯರಿಗೆ ತೋರಿಸಿ, ಅದು ಗುಣವಾಗುವವರೆಗೆ ಮಕ್ಕಳು ಅದನ್ನು ತಬ್ಬಿಕೊಳ್ಳದಂತೆ ನೋಡಿಕೊಳ್ಳಬೇಕು.