ಸಂಜೆಗೊಂದು ಲೆಕ್ಕ: ಶಾಲೆಯಲ್ಲಿ ಗಣಿತ ಕೂಟ ಕಟ್ಟುವುದು ಹೇಗೆ?

ಮೊದಲು ದಿನ ಗೊತ್ತು ಮಾಡಿ. ವಾರಕ್ಕೊಂದು ದಿನ, ಶಾಲೆ ಬಿಟ್ಟ ಮೇಲೆ ಒಂದು ಗಂಟೆ ಸಾಕು. ದೂರದ ಊರಿನ ಮಕ್ಕಳಿಗೆ ಬಸ್ ತಪ್ಪಬಾರದು, ಅದನ್ನು ನೋಡಿಕೊಂಡೇ ಸಮಯ ಇಡಿ. ಎಂಟು-ಹತ್ತು ಮಕ್ಕಳಿದ್ದರೂ ಕೂಟ ನಡೆಯುತ್ತದೆ. ಅಂಕ ನೋಡಿ ಮಾತ್ರ ಆರಿಸಬೇಡಿ. ಪರೀಕ್ಷೆಯಲ್ಲಿ ನಲವತ್ತು ತೆಗೆಯುವ ಹುಡುಗಿಯೂ ಒಂದು ಒಗಟು ಹಿಡಿದರೆ ಬಿಡದೆ ಕೂರಬಹುದು. ಈ ಜಾಗ ಅವಳದ್ದೂ ಅಲ್ವಾ?

ಮೊದಲ ದಿನಕ್ಕೆ 6174 ಇರಲಿ. ನಾಲ್ಕಂಕಿಯ ಒಂದು ಸಂಖ್ಯೆ ಬರೆಸಿ, ನಾಲ್ಕೂ ಅಂಕಿ ಒಂದೇ ಆಗಿರಬಾರದು ಅಷ್ಟೆ. ಅಂಕಿಗಳನ್ನು ದೊಡ್ಡದರಿಂದ ಚಿಕ್ಕದಕ್ಕೆ ಜೋಡಿಸಿ. ಅದರಿಂದ ತಿರುಗುಮುರುಗು ಜೋಡಿಸಿದ್ದನ್ನು ಕಳೆಯಿರಿ. ಬಂದ ಉತ್ತರಕ್ಕೂ ಹಾಗೇ ಮಾಡಿ. 3524 ಹಿಡಿದರೆ:

5432 − 2345 = 3087
8730 − 0378 = 8352
8532 − 2358 = 6174

ಯಾವ ಸಂಖ್ಯೆ ಹಿಡಿದರೂ ಏಳು ಸಲದೊಳಗೆ ಇಲ್ಲಿಗೇ ಬಂದು ನಿಲ್ಲುತ್ತದೆ. 1949ರಲ್ಲಿ ಇದನ್ನು ಕಂಡುಕೊಂಡ ಡಿ.ಆರ್. ಕಾಪ್ರೇಕರ್, ನಾಸಿಕ್ ಬಳಿಯ ದೇವಲಾಲಿಯಲ್ಲಿ ಶಾಲೆಯ ಮೇಷ್ಟ್ರು. ಇದನ್ನು ಮಕ್ಕಳಿಗೆ ಖಂಡಿತ ಹೇಳಿ.

ಎರಡನೇ ವಾರ ಚೆಸ್ ಬೋರ್ಡ್ ತನ್ನಿ. ಮೂಲೆಯ ಒಂದು ಬಿಳಿ ಮನೆ, ಅದರಿಂದ ಓರೆಗೆ ತುತ್ತತುದಿಯಲ್ಲಿರುವ ಇನ್ನೊಂದು ಬಿಳಿ ಮನೆ, ಇವೆರಡರ ಮೇಲೂ ಕಲ್ಲು ಇಡಿ. ಉಳಿದದ್ದು 62 ಮನೆ. ಎರಡೆರಡು ಮನೆ ಮುಚ್ಚುವ 31 ರಟ್ಟಿನ ತುಂಡು ಕೊಟ್ಟು, ಎಲ್ಲ ಮನೆ ಮುಚ್ಚಲು ಹೇಳಿ. ಗಲಾಟೆಯೋ ಗಲಾಟೆ! ಎಷ್ಟು ಒದ್ದಾಡಿದರೂ 30ಕ್ಕಿಂತ ಜಾಸ್ತಿ ತುಂಡು ಕೂರುವುದಿಲ್ಲ.

ಇಲ್ಲೇ ಮೇಷ್ಟ್ರಿಗೆ ಕಷ್ಟ. ಬಾಯಿ ತುದಿಗೆ ಬಂದ ಉತ್ತರ ನುಂಗಿಕೊಳ್ಳಬೇಕು. "ಉಳಿದ ಮನೆಗಳು ಯಾವ ಬಣ್ಣದವು?" ಎಂದಷ್ಟೇ ಕೇಳಿ, ಮನೆಗೆ ಕಳಿಸಿ. ವಾರವಿಡೀ ಅದು ತಲೆಯಲ್ಲಿ ಕೊರೆಯಲಿ. ಒಂದು ತುಂಡು ಯಾವಾಗಲೂ ಒಂದು ಕಪ್ಪು, ಒಂದು ಬಿಳಿ ಮನೆಯನ್ನೇ ಮುಚ್ಚುತ್ತದೆ, ನಾವು ಕಲ್ಲಿಟ್ಟದ್ದು ಎರಡೂ ಬಿಳಿಯ ಮೇಲೆ ಎನ್ನುವುದು ಮಗುವಿಗೇ ಹೊಳೆಯಬೇಕು. ಹೊಳೆದ ಕ್ಷಣದ ಆ ಮುಖ ನೋಡುವುದಕ್ಕಾದರೂ ನೀವು ಸುಮ್ನಿರಬೇಕು.

ಕೆಲವು ತಿಂಗಳಾದ ಮೇಲೆ, ಆಸೆಯಿದ್ದವರಿಗೆ ಗಣಿತ ಒಲಿಂಪಿಯಾಡ್ ಸ್ಪರ್ಧೆಯ ಮೊದಲ ಮೆಟ್ಟಿಲಾದ ಐಒಕ್ಯೂಎಂ (ಇಂಡಿಯನ್ ಒಲಿಂಪಿಯಾಡ್ ಕ್ವಾಲಿಫೈಯರ್ ಇನ್ ಮ್ಯಾಥಮ್ಯಾಟಿಕ್ಸ್) ಪರೀಕ್ಷೆಯ ಬಗ್ಗೆ ತಿಳಿಸಿ. ಹೋಮಿ ಭಾಭಾ ವಿಜ್ಞಾನ ಶಿಕ್ಷಣ ಕೇಂದ್ರದ ವೆಬ್‌ಸೈಟಿನಲ್ಲಿ ಒಲಿಂಪಿಯಾಡ್‌ನ ಹಳೇ ಪ್ರಶ್ನೆಪತ್ರಿಕೆಗಳು ಸಿಗುತ್ತವೆ. ವಾರಕ್ಕೆ ಒಂದೇ ಪ್ರಶ್ನೆ ಆರಿಸಿ, ಕನ್ನಡದಲ್ಲಿ ಬೋರ್ಡಿನ ಮೂಲೆಗೆ ಬರೆಯಿರಿ. ಪಕ್ಕದಲ್ಲೇ ದೊಡ್ಡದಾಗಿ "ಅಳಿಸಬೇಡಿ" ಎಂದೂ ಬರೆಯಿರಿ.